ಕಸ್ತೂರೆವ್ವ ನೆಲಕ್ಕಿಳಿದ ದಿನ

ರೊಟ್ಟಿ ಕೇಂದ್ರದ ಒಲೆಯ ಮುಂದೆ ಕೂರಲು ಹೋದ ಕಸ್ತೂರೆವ್ವ ಅರ್ಧಕ್ಕೇ ನಿಂತುಬಿಟ್ಟಳು. ಮೊಣಕಾಲು ಮಡಚಿಕೊಂಡಿದ್ದವು, ಸೊಂಟ ಗಾಳಿಯಲ್ಲಿತ್ತು, ನೆಲ ಇನ್ನೂ ಒಂದು ಮೊಳ ದೂರವಿತ್ತು. ಸೀರೆಯೊಳಗಿನ 'ಆಸರೆ' ಅವಳನ್ನು ಬಿಗಿಹಿಡಿದು, ತೊಟ್ಟಿಲ ಕೂಸನ್ನು ಎತ್ತಿದ ಹಾಗೆ ಮೆಲ್ಲಗೆ ಎತ್ತಿ ನಿಲ್ಲಿಸಿತು.

"ನಿನ್ನ ಹೆಣಾ ಎತ್ಲಿ, ಬಿಡ ನನ್ನ!" ಎಂದು ಅವಳು ತನ್ನ ಸೊಂಟವನ್ನೇ ಬೈದಳು.

ಆಸರೆ ಎಂದರೆ ಸೊಂಟದಿಂದ ಮೊಣಕಾಲಿನವರೆಗೆ ತೊಡುವ ತೆಳ್ಳನೆಯ ಒಳ ಉಡುಪು. ಅದರ ನೂಲುಗಳೇ ಕೃತಕ ಸ್ನಾಯುಗಳು. ವಿದ್ಯುತ್ ಹರಿದರೆ ಸಾಕು, ನಮ್ಮ ಮಾಂಸಖಂಡದಂತೆಯೇ ಕುಗ್ಗಿ ಬಿಗಿಯುತ್ತವೆ. ಕಾಲು ತಪ್ಪುವ ಸೂಚನೆ ಸಿಕ್ಕೊಡನೆ ಮೈಯನ್ನು ಹಿಡಿದು ನಿಲ್ಲಿಸುತ್ತವೆ. ಅದು ಬೆಟಗೇರಿಗೆ ಬಂದಮೇಲೆ ಊರಿನಲ್ಲಿ ಒಬ್ಬ ಮುದುಕಿಯ ಸೊಂಟದ ಎಲುಬೂ ಮುರಿದಿರಲಿಲ್ಲ. ಎಪ್ಪತ್ತು ದಾಟಿದವರೆಲ್ಲ ಅದನ್ನು ತೊಡಲೇಬೇಕೆಂದು ಕಾಯಿದೆಯೂ ಆಯಿತು. ಬಿಚ್ಚಿದರೆ ಆರೈಕೆ ಕೇಂದ್ರಕ್ಕೆ ತಾನಾಗಿಯೇ ಸುದ್ದಿ ಮುಟ್ಟುತ್ತಿತ್ತು. ಬಿಚ್ಚಿದವರು ನೆಲದ ಮೇಲೆ ಸಿಕ್ಕರಂತೂ ಅಂಥವರು ಮನೆಯಲ್ಲಿರಲು ಲಾಯಕ್ಕಲ್ಲವೆಂದು ವೃದ್ಧರ ನಿಲಯಕ್ಕೆ ಕರೆದೊಯ್ಯುತ್ತಿದ್ದರು.

ಅದನ್ನು ಮಾಡಿದವರು ಮೇಜಿನ ಮುಂದೆ ದುಡಿದು, ಮೇಜಿನ ಮುಂದೆಯೇ ಉಣ್ಣುವ ಜನ. ಸೊಂಟ ಮೊಣಕಾಲಿಗಿಂತ ಕೆಳಗಿಳಿಯಿತೆಂದರೆ ಅವರ ಲೆಕ್ಕದಲ್ಲಿ ಅದು ಬಿದ್ದಂತೆಯೇ. ಹೆಂಗಸೊಬ್ಬಳು ರೊಟ್ಟಿ ಬಡಿಯಲು, ಕಾಳು ಹಸನು ಮಾಡಲು, ಸುಮ್ಮನೆ ಮಾತಾಡಲು ತಾನಾಗಿಯೇ ನೆಲಕ್ಕಿಳಿಯುತ್ತಾಳೆಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

ಕಸ್ತೂರೆವ್ವನಿಗೀಗ ಎಪ್ಪತ್ತೆರಡು. ಗೆಳತಿ ಮಾಬುಬಿಯೊಡನೆ ಈ ರೊಟ್ಟಿ ಕೇಂದ್ರ ನಡೆಸುತ್ತಿದ್ದಳು. ಮಗಳು ಸಹನಾ ಎತ್ತರದ ಮೇಜು, ಮೆತ್ತನೆಯ ಕುರ್ಚಿ ತಂದುಕೊಟ್ಟಿದ್ದಳು. ಕುರ್ಚಿಯಲ್ಲಿ ಕೂತರೆ ಅಂಗೈಗೆ ಮೈಭಾರ ಬರುವುದಿಲ್ಲ, ರೊಟ್ಟಿಯ ಅಂಚು ಸೀಳುತ್ತದೆ. ಅದು ಹೋಗಲಿ. ಆಸರೆ ತೊಟ್ಟು ಕೆಲವು ತಿಂಗಳಾದ ಮೇಲೆ ಒಂದು ದಿನ ಬಚ್ಚಲಲ್ಲಿ ಅವಳು ತನ್ನ ತೊಡೆ ನೋಡಿಕೊಂಡಳು. ಮಾಂಸ ಕರಗಿ ತೊಗಲು ಜೋತುಬಿದ್ದಿತ್ತು. ಕಸ್ತೂರೆವ್ವ ನಿಜಕ್ಕೂ ಹೆದರಿದಳು. ಸಾವಿನ ಭಯವಲ್ಲ ಅದು. ಇನ್ನೊಬ್ಬರು ಎತ್ತಿ ಕೂರಿಸಿ, ಎತ್ತಿ ಮಲಗಿಸುವ ಬಾಳು ಬಂದೀತೆಂಬ ಭಯ.

ಅದಕ್ಕೇ ಆ ಬೆಳಿಗ್ಗೆ ಆಸರೆಯನ್ನು ಬಿಚ್ಚಿ ಗೂಟಕ್ಕೆ ಎಸೆದಳು. ಒಂದೇ ಒಂದು ರೊಟ್ಟಿ ಬಡಿದು ಮತ್ತೆ ತೊಟ್ಟುಕೊಂಡರಾಯಿತೆಂದು ನೆಲಕ್ಕೆ ಕೂತಳು. ರೊಟ್ಟಿ ಹುಣ್ಣಿಮೆ ಚಂದ್ರನಂತೆ ಗುಂಡಗೆ ಬಂತು. ಹಂಚಿಗೆ ಹಾಕಿ ಏಳಲು ಹೋದಳು. ಕಾಲು ಕೇಳಲಿಲ್ಲ.

"ಹಲ್ಲಿದ್ದಾಗ ಕಡಲಿ ಇಲ್ಲ, ಕಡಲಿ ಇದ್ದಾಗ ಹಲ್ಲಿಲ್ಲ," ಎಂದು ಮಾಬುಬಿ ನಕ್ಕಳು. ಗೆಳತಿಯ ಕಣ್ಣು ನೋಡಿದ್ದೇ ನಗು ನಿಂತಿತು. ಎತ್ತಲು ಬಗ್ಗಿದರೆ ಮಾಬುಬಿಯ ಆಸರೆ ಅವಳನ್ನೇ ನೆಟ್ಟಗೆ ಮಾಡಿತು. ನಿಂತೇ ತೊಡಬೇಕಾದ ಉಡುಪು ಗೂಟದಲ್ಲಿ ನೇತಾಡುತ್ತಿತ್ತು.

"ಆರೈಕೆ ಕೇಂದ್ರದ ಗಾಡಿ ಬರತೈತಿ ಮಾಬು," ಎಂದಳು ಕಸ್ತೂರೆವ್ವ. "ನನ್ನ ಒಯ್ತಾರ."

ಅಷ್ಟರಲ್ಲಿ ಬಾಗಿಲಲ್ಲಿ ಬಂದು ನಿಂತವರು ಡಾ. ಸುಕನ್ಯಾ ಕಟಗೇರಿ, ಆಸರೆಯನ್ನು ಕಂಡುಹಿಡಿದ ವಿಜ್ಞಾನಿ. ವಯಸ್ಸು ಅರವತ್ತು ದಾಟಿತ್ತು. ಹಿರಿಯರ ಅಭಿಪ್ರಾಯ ಕೇಳಲು ಬಂದಿದ್ದರು. ಓಡಿಬಂದು ಕೈ ಚಾಚಿದರು. ಎಲ್ಲರಿಗಿಂತ ಮೊದಲು ತಾವೇ ತೊಟ್ಟು ಪರೀಕ್ಷಿಸಿದ್ದ ಆಸರೆ ಅವರನ್ನೂ ಬಗ್ಗಗೊಡಲಿಲ್ಲ. ಅವರೂ ಅದನ್ನು ಬಿಚ್ಚಿಟ್ಟು, ಕೆಳಗಿನಿಂದ ಎತ್ತಿಕೊಡೋಣವೆಂದು ಪಕ್ಕದಲ್ಲಿ ಕೂತರು. "ಒಂದು, ಎರಡು..." ಎಂದು ತಾವು ಮೊದಲು ಏಳಲು ನೋಡಿದರು. ಆಗಲಿಲ್ಲ. ಮತ್ತೆ ನೋಡಿದರು. ಅವರ ಕಾಲೂ ಕೇಳಲಿಲ್ಲ.

"ನೀವರೆ ಹೇಳ್ರಿ, ಒಯ್ಯಬ್ಯಾಡ ಅಂತ," ಕಸ್ತೂರೆವ್ವ ಅವರ ಕೈ ಹಿಡಿದಳು.

"ಕಾಯಿದೆ ನನ್ನ ಕೈಯಲ್ಲಿಲ್ಲಮ್ಮ," ಎಂದರು ವಿಜ್ಞಾನಿ. "ಬೀಳಬಾರದು ಅಂತಷ್ಟೇ ಯೋಚನೆ ಮಾಡಿದೆ. ಏಳೋದು ಮರೆತುಹೋಗತ್ತೆ ಅಂತ ಗೊತ್ತಾಗಲಿಲ್ಲ."

"ಕುಂತು ಉಂಡ್ರ ಕುಡಿಕಿ ಹೊನ್ನೂ ಸಾಲಂಗಿಲ್ಲ ಅಂತಾರಲ್ರಿ. ಕಾಲಾಗಿನ ಕಸುವೂ ಹಂಗ."

ಬೀದಿಯ ತುದಿಯಲ್ಲಿ ಗಾಡಿಯ ಸದ್ದು ಕೇಳಿತು. ಕಸ್ತೂರೆವ್ವ ಮಗ್ಗುಲಿಗೆ ಹೊರಳಿ ಅಂಗೈ, ಮಂಡಿ ಊರಿದಳು. ತೋಳು ನಡುಗಿ ಒಮ್ಮೆ ಮುಖ ಅಡಿಯಾಗಿ ಬಿದ್ದಳು. ಮೂಗಿಗೆ ಹಿಟ್ಟು ಮೆತ್ತಿತು. ಅತ್ತಳು, ಅಳುತ್ತಲೇ ಜೋಳದ ಚೀಲ ತಬ್ಬಿದಳು. ಒಂದು ಕಾಲು ಊರಿದಳು, ಇನ್ನೊಂದನ್ನು ಎಳೆದುಕೊಂಡಳು. ಹಂಚಿನ ಮೇಲೆ ರೊಟ್ಟಿ ಕರಕಾಯಿತು. ಗಾಡಿಯವರು ಒಳಗೆ ಬಂದಾಗ ಅವಳು ಗೋಡೆ ಹಿಡಿದು ನಿಂತಿದ್ದಳು.

ನಿಂತವಳಿಗೆ ಒಂದು ಎಚ್ಚರಿಕೆ ಕೊಟ್ಟು ಅವರು ನೆಲದಲ್ಲಿದ್ದವರ ಕಡೆ ತಿರುಗಿದರು.

"ನಾನು ಬಿದ್ದಿಲ್ಲ, ಕೂತಿದೀನಿ!" ಎಂದರು ಡಾ. ಸುಕನ್ಯಾ.

"ಹೌದ್ರೀ ಮೇಡಂ, ಎಲ್ಲಾರೂ ಹಂಗ ಅಂತಾರ," ಎಂದು ಸಮಾಧಾನ ಹೇಳುತ್ತ ಅವರನ್ನು ಸ್ಟ್ರೆಚರಿಗೆ ಏರಿಸಿದರು.

ಅವರು ಯಾರೆಂದೂ, ಅವರಿಗಿನ್ನೂ ಎಪ್ಪತ್ತಾಗಿಲ್ಲವೆಂದೂ ಗೊತ್ತಾಗಿ ಸಂಜೆಗೆ ಬಿಟ್ಟರಂತೆ. ಮರುದಿನವೇ ಡಾ. ಸುಕನ್ಯಾ ಆಸರೆಯನ್ನು ತಿದ್ದಲು ಕೂತರು, ನೆಲಕ್ಕಿಳಿಯಗೊಡುವ ಹಾಗೆ. ಕಾಯಿದೆ ಬದಲಾಗಲು ಇನ್ನೆಷ್ಟು ಕಾಲವೋ ಯಾರಿಗೆ ಗೊತ್ತು.

ಗಾಡಿ ಬಂದಿದ್ದ ದಿನವೇ ಸಂಜೆ ಮನೆಯಲ್ಲಿ ಕಸ್ತೂರೆವ್ವ ನೀರಿಗೆಂದು ಎದ್ದಳು. ಸಹನಾ ಓಡಿಬಂದು ಹೆಗಲು ಹಿಡಿದು ಕೂರಿಸಿದಳು. "ಕುಂದ್ರವ್ವಾ, ನೀ ಯಾಕ ಏಳ್ತಿ? ನಾ ಕೊಡ್ತೇನಿ."

ಮಗಳ ದನಿಯಲ್ಲಿ ಅಕ್ಕರೆ ತುಂಬಿತ್ತು. ಕಸ್ತೂರೆವ್ವನಿಗೆ ತನ್ನ ತಾಯಿ ನೆನಪಾದಳು. ಎರಡು ಸಾವಿರದ ಇಪ್ಪತ್ತಾರರಲ್ಲಿ, ಆಸರೆಯೆಂಬುದು ಯಾರ ಕನಸಿನಲ್ಲೂ ಇಲ್ಲದಾಗ, ಇದೇ ಅಕ್ಕರೆಯಿಂದ ಕಸ್ತೂರೆವ್ವ ತನ್ನ ತಾಯಿಗೆ ಇದೇ ಮಾತು ಹೇಳಿದ್ದಳು. ದಿನವೂ ಹೇಳಿದ್ದಳು. ತಾಯಿ ಮಗಳ ಮಾತು ಮೀರಿರಲಿಲ್ಲ. ಒಂದು ದಿನ ಏಳು ಎಂದಾಗಲೂ ಎದ್ದಿರಲಿಲ್ಲ.