ಮೂರನೇ ನಂಬರಿನಲ್ಲಿ ಉಳಿದ ಹಸೆ

"ಏಳಿ, ಅದು ನನ್ನ ಕುರ್ಚಿ!"

ಅನುಶ್ರೀ ಬಾಗಿಲಲ್ಲೇ ನಿಂತು ಕೂಗಿದ ರಭಸಕ್ಕೆ ಇಡೀ ಕ್ಲಾಸು ತಿರುಗಿ ನೋಡಿತು.

ಮೂರನೇ ನಂಬರಿನ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗ ಮಾತ್ರ ತಿರುಗಲಿಲ್ಲ. ಮೌಸನ್ನು ಮಗುಚಿ ಹಿಡಿದು, ಅದರ ಹೊಟ್ಟೆಯೊಳಗಿನ ಚೆಂಡಿಗೆ ಅಂಟಿದ್ದ ಕಸವನ್ನು ಉಗುರಿನಿಂದ ಕೆರೆಯುತ್ತಿದ್ದ.

"ಕುರ್ಚಿ ಮೇಲೆ ಹೆಸರು ಬರ್ದಿಲ್ವಲ್ಲ," ಎಂದ.

"ಸಿದ್ದಾಪುರ ತಾಲೂಕಿನ ತ್ಯಾಗಲಿಯಿಂದ ಬಸ್ಸಲ್ಲಿ ನಿಂತ್ಕೊಂಡೇ ಬಂದಿದ್ದೀನಿ ನಾನು!"

"ನಾನು ಯಲ್ಲಾಪುರದ ಚಂದಗುಳಿಯವ. ದೂರ ನೋಡಿದ್ರೆ ಕುರ್ಚಿ ನಂದೇ!"

ಎಷ್ಟು ಸೊಕ್ಕು ಇವನಿಗೆ! ಅವಳ ಕಿವಿ ಕೆಂಪಗಾಯಿತು. ಇನ್ನೇನು ಬಯ್ಯಬೇಕು, ಅಷ್ಟರಲ್ಲಿ ಗೋವಿಂದ ಮಾಸ್ತರು ಕೈ ಎತ್ತಿದರು.

"ಹತ್ತು ಜನ, ಐದು ಕಂಪ್ಯೂಟರು. ನಿಮ್ಮಿಬ್ಬರಿಗೂ ಅದೊಂದೇ. ಜಗಳ ಆಡೂದಾದ್ರೆ ಕೆಳಗೆ ಹೋಗಿ ಆಡಿ ಮಾರಾಯ್ರೇ, ಇಲ್ಲಿ ಫ್ಯಾನಿನ ಗಾಳಿ ನಂಗೇ ಸಾಲ್ತಾ ಇಲ್ಲ."

ಅದು 2002ರ ಜೂನ್. ಶಿರಸಿ ಬಸ್‌ಸ್ಟ್ಯಾಂಡಿಗೆ ಹತ್ತಿರದ ಮಹಡಿಯೊಂದರ ಮೇಲೆ ಮಾಸ್ತರರ ಕಂಪ್ಯೂಟರ್ ಕ್ಲಾಸು. ಆರು ತಿಂಗಳಲ್ಲಿ ವೆಬ್‌ಸೈಟು ಕಟ್ಟುವುದನ್ನು ಕಲಿಸುತ್ತೇನೆ ಎಂದು ಬೋರ್ಡು ಬರೆಸಿದ್ದರು. ವೆಬ್‌ಸೈಟು ಎಂದರೇನೆಂದು ಅನುಶ್ರೀಗೂ ಗೊತ್ತಿರಲಿಲ್ಲ, ಆ ಹುಡುಗ ಸುಭಾಷನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವರಿಗೇ ಜಗಳ ಜಾಸ್ತಿ, ಅದು ಊರಿಗೆಲ್ಲ ಗೊತ್ತಿರುವ ಮಾತು!

ಮೊದಲ ಒಂದು ತಿಂಗಳು ಮಾಸ್ತರು ಕೀಬೋರ್ಡು ಮುಟ್ಟಲೂ ಬಿಡಲಿಲ್ಲ.

"ಮನೆ ಕಟ್ಟೋ ಮುಂಚೆ ಹಗ್ಗ ಹಿಡ್ದು ಗೆರೆ ಹಾಕ್ತೀರೋ ಇಲ್ವೋ? ಹಂಗೇ ಇದು. ಮೊದಲ ಪುಟ ಅಂದ್ರೆ ಜಗಲಿ. ಬಂದವರು ಅಲ್ಲಿಂದ ಯಾವ ಕೋಣೆಗೆ ಹೋಗ್ತಾರೆ, ಅಲ್ಲೆಂತ ನೋಡ್ತಾರೆ, ಎಲ್ಲ ಕಾಗದದ ಮೇಲೆ ಬರೀರಿ. ಯಾವ ಕೋಣೆಗೆ ಹೋದ್ರೂ ಜಗಲಿಗೆ ವಾಪಸ್ ಬರೋ ಬಾಗ್ಲು ಇರಬೇಕು!"

"ಎಂತದರ ಮೇಲೆ ಮಾಡೂದು?" ಸುಭಾಷ ಪೆನ್ಸಿಲು ಕಚ್ಚುತ್ತ ಕೇಳಿದ.

"ನಮ್ಮಜ್ಜಿ ಹಸೆ ಬರೀತಾಳೆ," ಎಂದಳು ಅನುಶ್ರೀ, ಮುಖ ಆ ಕಡೆಗೇ ಇಟ್ಟುಕೊಂಡು.

ಅವಳ ಅಜ್ಜಿ ದುರ್ಗಿ ಆ ಸುತ್ತಿಗೆಲ್ಲ ಹೆಸರಾದವಳು. ಮದುವೆ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಚಿತ್ತಾರ ಎಳೆಯುತ್ತಿದ್ದಳು. ಮದುಮಕ್ಕಳು ಕೂರುವುದು ಆ ಹಸೆಯ ಮುಂದೆಯೇ. ಅಜ್ಜಿಗೆ ತನ್ನದೇ ಎರಡು ಕಟ್ಟಳೆಗಳಿದ್ದವು. ಚಿತ್ತಾರವೆಲ್ಲ ಮುಗಿದರೂ ನಡುವಿನ ಗಂಡು ಹೆಣ್ಣಿನ ಜಾಗ ಖಾಲಿ ಬಿಡುವಳು. ಎರಡೂ ಮನೆಯವರ ಮಾತು ಗಟ್ಟಿಯಾದ ಮೇಲೆಯೇ ಆ ಇಬ್ಬರನ್ನು ತುಂಬುವಳು. ಇನ್ನೊಂದು, ತನ್ನ ಹಸೆಯನ್ನು ತಾನೇ ಬರೆದುಕೊಳ್ಳಬಾರದು. ಬರೆದರೆ ಕೂಡಿ ಬರುವುದಿಲ್ಲ.

ಸುಭಾಷ ಕೇಳುತ್ತ ಕೇಳುತ್ತ ಪೆನ್ಸಿಲು ಕೆಳಗಿಟ್ಟಿದ್ದ.

"ಇದನ್ನೇ ಮಾಡೋಣ," ಎಂದ. ಮೊದಲ ಸಲ ಅವನ ದನಿಯಲ್ಲಿ ಕೊಂಕಿರಲಿಲ್ಲ.

ಮಾಡಿದರು! ಜಗಲಿ, ಅಜ್ಜಿಯ ಕೋಣೆ, ಬಣ್ಣದ ಕೋಣೆ, ಚಿತ್ತಾರದ ಕೋಣೆ. ನಾಲ್ಕೇ ಪುಟ. ಆರು ತಿಂಗಳಲ್ಲಿ ಅರವತ್ತು ಜಗಳ. ಎಷ್ಟು ಜನ ಬಂದು ನೋಡಿದರೆಂದು ಎಣಿಸುವ ಪುಟ್ಟ ಅಂಕಿಯನ್ನೂ ಮಾಸ್ತರು ಪುಟದ ಅಡಿಯಲ್ಲಿ ಕೂರಿಸಿಕೊಟ್ಟರು.

"ಹದಿನಾಲ್ಕು ಜನ ಬಂದ್ರು ಮಾರಾಯ್ತಿ!" ಸುಭಾಷ ಹಿಗ್ಗಿದ.

"ಹದಿಮೂರು ಸಲ ನೀನೇ ತೆಗ್ದು ನೋಡಿದ್ದು," ಎಂದು ಅವಳು ನಕ್ಕಳು. ನಗುವಾಗ ಅವನನ್ನೇ ನೋಡಿದಳು, ನೋಡಿ ಬೇಗ ಕಣ್ಣು ತಗ್ಗಿಸಿದಳು. 'ಕ್ಲಾಸು ಮುಗಿದು ಇವ ಇಲ್ಲದ ದಿನ ಹೆಂಗಿರ್ತದೆ?' ಎಂದು ಮೊದಲ ಬಾರಿ ಹೆದರಿಕೆಯಾಯಿತು.

ಕ್ಲಾಸು ಮುಗಿದ ದಿನ ಬಸ್‌ಸ್ಟ್ಯಾಂಡಿನಲ್ಲಿ ಅವನು ಚೀಲದ ಪಟ್ಟಿ ಜಗ್ಗುತ್ತ ನಿಂತ. ಯಲ್ಲಾಪುರದಲ್ಲಿ ಅವನಿಗೊಂದು ಟೀವಿ ರಿಪೇರಿ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ನಾಳೆಯಿಂದಲೇ ಹೋಗಬೇಕು.

"ನಿಂಗೊಂದು ಕಾಗದ ಬರೀಲಾ?"

"ಬೇಡಪ್ಪಾ! ನಮ್ಮೂರಲ್ಲಿ ಕಾಗದ ನನ್ನ ಕೈಗೆ ಬರೂದ್ರೊಳಗೆ ಅಂಗಡಿ ಕಟ್ಟೆಯವರೆಲ್ಲ ಓದಿ, ತಪ್ಪಿದ್ರೆ ತಿದ್ದಿ ಕೊಡ್ತಾರೆ."

ಅವನು ನಗಲಿಲ್ಲ.

"ಹಂಗಾದ್ರೆ ನಮ್ಮ ವೆಬ್‌ಸೈಟಲ್ಲೇ ಇನ್ನೊಂದು ಪುಟ ಮಾಡು. ಅದರ ಹೆಸರು ನಮ್ಮಿಬ್ಬರಿಗೆ ಮಾತ್ರ ಗೊತ್ತಿರ್ಲಿ," ಎಂದು ಒಂದು ಹೆಸರನ್ನು ಪಿಸುಗುಟ್ಟಿದ. "ನಿಂಗೆ... ನಿಂಗೆ ಮನಸ್ಸಿದ್ರೆ, ನಡುವಿನ ಇಬ್ಬರನ್ನ ತುಂಬಿದ ಹಸೆ ಹಾಕು. ಭಾನುವಾರ ಯಲ್ಲಾಪುರದ ಇಂಟರ್ನೆಟ್ ಅಂಗಡೀಲಿ ನೋಡ್ತೀನಿ. ಸೋಮವಾರ ನಿಮ್ಮಪ್ಪನ ಮುಂದೆ ಬಂದು ನಿಲ್ತೀನಿ."

"ಹಾಕದಿದ್ರೆ?"

"ತೊಂದರೆ ಕೊಡೂದಿಲ್ಲ. ನಂಗೊಂದು ಗುಂಟೆ ಗದ್ದೆಯೂ ಇಲ್ಲ ಅನ್ನೂದು ನೆನಪಿದೆ ನಂಗೆ."

ಬಸ್ಸು ಬಂತು. ಅವಳಿಗೆ ಅಲ್ಲೇ 'ಹೂಂ' ಅಂದುಬಿಡಬೇಕು ಅನ್ನಿಸಿತು. ಆದರೆ ಬಾಯಿ ಬರಲಿಲ್ಲ. ಬೇಕಾದಾಗ ಬಾರದ ಈ ಬಾಯಿ, ಕುರ್ಚಿಗಾಗಿ ಮಾತ್ರ ಎಷ್ಟು ಚೆನ್ನಾಗಿ ಬಂದಿತ್ತು!

ಅಜ್ಜಿಯ ಕೈ ಆಗಲೇ ನಡುಗುತ್ತಿತ್ತು. ಮೇಲಾಗಿ, ಇದನ್ನು ಅಜ್ಜಿಗೆ ಹೇಳುವುದಾದರೂ ಹೇಗೆ? ಅನುಶ್ರೀ ಒಂದು ರಟ್ಟಿನ ಮೇಲೆ ತಾನೇ ಚಿತ್ತಾರ ಎಳೆದಳು. ನಡುವೆ ಗಂಡು, ಹೆಣ್ಣು. ಕುಂಚ ಎತ್ತುವಾಗ ಅಜ್ಜಿಯ ಮಾತು ನೆನಪಾಯಿತು. 'ಒಂದೇ ಸಲ ಅಜ್ಜಿ... ಕ್ಷಮಿಸು' ಎಂದುಕೊಂಡಳು.

ಶನಿವಾರ ಶಿರಸಿಗೆ ಬಂದು, ಸ್ಟುಡಿಯೋದಲ್ಲಿ ಅದರ ಫೋಟೋ ತೆಗೆಸಿ, ಸ್ಕ್ಯಾನ್ ಮಾಡಿಸಿ, ಮೂರನೇ ನಂಬರಿನಲ್ಲಿ ಕೂತು ಹೊಸ ಪುಟ ಮಾಡಿದಳು. ಮಾಸ್ತರರಿಗೆ ಗೊತ್ತಾಗದ ಹಾಗೆ ತಾನೇ ಇಂಟರ್ನೆಟ್ಟಿಗೆ ಏರಿಸಿದಳು. ತೆರೆದು ನೋಡಿದಳು. ಕೆಂಪು ನೆಲ, ಬಿಳಿ ಗೆರೆ, ನಡುವೆ ಇಬ್ಬರು... ಎಷ್ಟು ಚೆಂದ ಕಾಣುತ್ತಿತ್ತು!

ಸೋಮವಾರ ತಲೆ ಬಾಚಿ ಹೂ ಮುಡಿದು ಕೂತಳು. ನಾಯಿ ಬೊಗಳಿದಾಗೆಲ್ಲ ಎದ್ದಳು.

ಅವನು ಬರಲಿಲ್ಲ.

ಮಂಗಳವಾರ ಬರಲಿಲ್ಲ. ಆ ತಿಂಗಳು ಬರಲಿಲ್ಲ. ಆ ವರ್ಷವೇ ಬರಲಿಲ್ಲ.

'ತಮಾಷೆಗೆ ಕೇಳಿದ್ದ. ನಾನು ಹುಚ್ಚಿ, ಇಬ್ಬರನ್ನೂ ತುಂಬಿಟ್ಟೆ!' ಹುಡುಕಿಕೊಂಡು ಹೋಗಲು ಅವಳ ಮಾನ ಬಿಡಲಿಲ್ಲ. ತನ್ನ ಹಸೆ ತಾನೇ ಬರೆದದ್ದಕ್ಕೆ ಹೀಗಾಯಿತು ಎಂದು ಒಳಗೊಳಗೇ ನಂಬಿದಳು. ಕುಂಚ ಅಟ್ಟ ಸೇರಿತು. ಮರುವರ್ಷ ಅಜ್ಜಿ ತೀರಿಕೊಂಡಳು. ಊರಿನ ಗೋಡೆಗಳಿಗೆ ಒಂದೊಂದಾಗಿ ಸಿಮೆಂಟು ಬಂತು, ಹಸೆ ಕೇಳುವವರೂ ಕಡಿಮೆಯಾದರು.

ಅವಳು ಮಾಸ್ತರರಲ್ಲೇ ಕೆಲಸಕ್ಕೆ ಸೇರಿ ಲಗ್ನಪತ್ರಿಕೆ ಟೈಪು ಮಾಡತೊಡಗಿದಳು. ವೆಬ್‌ಸೈಟಿನ ಕ್ಲಾಸಿನ ಕಡೆಗೆ ತಲೆ ಹಾಕಲಿಲ್ಲ. ನಾಲ್ಕು ವರ್ಷ ಊರವರ ಮದುವೆಗಳನ್ನೆಲ್ಲ ಅಚ್ಚುಕಟ್ಟಾಗಿ ಬಾರ್ಡರು ಹಾಕಿ ಕೊಟ್ಟಳು. ತನಗೆ ಬಂದ ಗಂಡುಗಳನ್ನೆಲ್ಲ ಒಂದೊಂದು ನೆವ ಹೇಳಿ ಕಳಿಸಿದಳು.

ಆದರೆ ಈ ಸಲ ಅಪ್ಪ ಕೇಳಲಿಲ್ಲ. ಎಕ್ಕಂಬಿಯ ಕಡೆಯ ಹುಡುಗ, ಒಳ್ಳೇ ಗದ್ದೆ. ಸೋಮವಾರ ಬಂದು ಮಾತು ಮುಗಿಸುವುದೆಂದು ತೀರ್ಮಾನವಾಯಿತು.

"ಆಗ್ಲಿ," ಎಂದಳು ಅನುಶ್ರೀ. ಇಪ್ಪತ್ತಾರು ತುಂಬಿತ್ತು. ಬೇಡ ಅನ್ನಲು ಕಾರಣಗಳೂ ಮುಗಿದಿದ್ದವು.

ಆ ವಾರವೇ ಮಾಸ್ತರು ಹುಬ್ಬಳ್ಳಿಗೆ ಹೋಗಬೇಕಾಗಿ ಬಂದು, ಶನಿವಾರದ ವೆಬ್‌ಸೈಟ್ ಕ್ಲಾಸನ್ನು ಅವಳ ತಲೆಗೆ ಕಟ್ಟಿದರು.

"ಅಕ್ಕಾ, ಇದೆಂತ ಮಾಯೆ ನೋಡಿ!" ಸಮೃದ್ಧಿ ಎಂಬ ಹುಡುಗಿ ಕೂಗಿದಳು. "ಮೂರನೇ ನಂಬರಲ್ಲಿ ಮಾಡಿ ಇಂಟರ್ನೆಟ್ಟಿಗೆ ಹಾಕ್ದೆ. ಅಲ್ಲಿ ಚಿತ್ರ ಕಾಣ್ತದೆ. ಐದನೇದ್ರಲ್ಲಿ ಕಾಣೂದೇ ಇಲ್ಲ!"

ಐದನೇ ನಂಬರಿನಲ್ಲಿ ಒಂದು ಖಾಲಿ ಚೌಕ. ಅದರ ಮೂಲೆಯಲ್ಲಿ ಪುಟ್ಟ ಕೆಂಪು ಇಂಟು ಗುರುತು.

ಅನುಶ್ರೀ ಪುಟ ಬಿಚ್ಚಿ ನೋಡಿದಳು. ಚಿತ್ರ ಎಲ್ಲಿದೆ ಎಂದು ಬರೆಯುವ ಜಾಗದಲ್ಲಿ ಹುಡುಗಿ ಮೂರನೇ ನಂಬರಿನ ಒಳಗಿನ ವಿಳಾಸವನ್ನೇ ಬರೆದಿದ್ದಳು. ಪುಟ ಇಂಟರ್ನೆಟ್ಟಿಗೆ ಹೋಗಿತ್ತು. ಚಿತ್ರ ಹೋಗಿರಲಿಲ್ಲ.

"ಚಿತ್ರವನ್ನೂ ಬೇರೆಯಾಗಿ ಕಳಿಸಬೇಕು ಮಾರಾಯ್ತಿ. ಈಗ ಅದು ಈ ಒಂದು ಕಂಪ್ಯೂಟರಲ್ಲಿ ಮಾತ್ರ..."

ಅನುಶ್ರೀ ಮೂರನೇ ನಂಬರಿನ ಕಡೆಗೆ ತಿರುಗಿದಳು.

ತಾನು ಚಿತ್ರ ಕಳಿಸಿದ್ದಳೇ? ಮೂರನೇ ನಂಬರಿನಲ್ಲೇ ಮಾಡಿ, ಮೂರನೇ ನಂಬರಿನಲ್ಲೇ ನೋಡಿ, ಹಿಗ್ಗಿ ಮನೆಗೆ ಹೋಗಿದ್ದಳಲ್ಲ!

ಐದನೇ ನಂಬರಿನಲ್ಲಿ, ಯಾರಿಗೂ ಹೇಳದ ಆ ಪುಟದ ಹೆಸರು ಒತ್ತಿದಳು.

ಖಾಲಿ ಚೌಕ. ಕೆಂಪು ಇಂಟು ಗುರುತು.

ಅಯ್ಯೋ ದೇವರೇ! ಅವನು ನೋಡಿದ್ದು ಇದು. ನಾಲ್ಕು ವರ್ಷ ಅವನನ್ನು ಬಯ್ದದ್ದೆಲ್ಲ ಈ ಒಂದು ಚೌಕಕ್ಕೆ! ಗದ್ದೆಯಿಲ್ಲದವನಿಗೆ ಇವಳು ಖಾಲಿ ಚೌಕ ತೋರಿಸಿ ಬೇಡ ಅಂದಿದ್ದಳು. ಅವನು ಹೇಳಿದಂತೆಯೇ ತೊಂದರೆ ಕೊಡದೆ ದೂರ ಉಳಿದಿದ್ದ.

ಕಣ್ಣೀರಿನಲ್ಲಿ ಪುಟ ಮಸುಕಾಯಿತು. ಒರೆಸಿಕೊಂಡು ಕೆಳಗೆ ನೋಡಿದಳು. ಎಲ್ಲ ಪುಟಗಳಂತೆ ಇದಕ್ಕೂ ಅವಳೇ ಆ ಎಣಿಸುವ ಅಂಕಿಯನ್ನು ಕೂರಿಸಿದ್ದಳು.

211.

ಅನುಶ್ರೀ ಆ ಪುಟ ತೆರೆದದ್ದು ಅಂದು ಒಮ್ಮೆ, ಇಂದು ಒಮ್ಮೆ. ಉಳಿದ ಇನ್ನೂರ ಒಂಬತ್ತು? ಆ ಹೆಸರು ಗೊತ್ತಿದ್ದವನು ಲೋಕದಲ್ಲಿ ಇನ್ನೊಬ್ಬನೇ.

ನಾಲ್ಕು ವರ್ಷ. ವರ್ಷಕ್ಕೆ ಐವತ್ತೆರಡು ಭಾನುವಾರ.

"ಅಕ್ಕಾ... ಎಂತಾಯ್ತು? ಎಂತಕ್ಕೆ ಅಳ್ತಾ ಇದ್ದೀರಿ?"

"ಎಂತ ಇಲ್ಲ. ಇವತ್ತಿಗೆ ಕ್ಲಾಸು ಸಾಕು, ನೀವೆಲ್ಲ ಮನೆಗೆ ಹೋಗಿ."

ಮೂರನೇ ನಂಬರಿನ ಹೊಟ್ಟೆಯಲ್ಲಿ ಆ ಚಿತ್ರ ಇನ್ನೂ ಇತ್ತು. ವಿಳಾಸ ತಿದ್ದಿದಳು. ಚಿತ್ರ ಏರಿಸಿದಳು. ಐದನೇ ನಂಬರಿನಲ್ಲಿ ತೆರೆದಾಗ ಕೆಂಪು ನೆಲದ ಮೇಲೆ ಆ ಇಬ್ಬರು ಕೂತಿದ್ದರು. ಅಂಕಿ 212.

ಊರೆಲ್ಲ ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ! ಅವನಿಗೆ ಮದುವೆಯಾಗಿರಬಹುದು. ಸುಮ್ಮನೆ ರೂಢಿಗೆ ನೋಡುತ್ತಿರಬಹುದು. ಕಳೆದ ವಾರವೇ ಸಾಕು ಅನ್ನಿಸಿ ಬಿಟ್ಟಿರಲೂಬಹುದು... ಉಳಿದಿರುವುದು ಒಂದೇ ಒಂದು ಭಾನುವಾರ.

ಮರುದಿನ ಕೀಲಿ ತೆಗೆದು ಒಬ್ಬಳೇ ಮೂರನೇ ನಂಬರಿನ ಮುಂದೆ ಕೂತಳು. ಹತ್ತು ಗಂಟೆಗೆ 213. ಅದು ಅವಳದೇ. ಹತ್ತೂವರೆಗೆ 214. ಅದೂ ಅವಳದೇ. ಹನ್ನೊಂದಕ್ಕೆ 215.

'ಬಿಟ್ಟಿದ್ದಾನೆ. ಬಿಡದೇ ಎಂತ ಮಾಡ್ತಾನೆ?'

ಹನ್ನೊಂದೂವರೆಗೆ ಮತ್ತೆ ಒತ್ತಿದಳು.

219.

ಕೈ ಬಾಯಿಗೆ ಹೋಯಿತು. ಇನ್ನೊಮ್ಮೆ ಒತ್ತಿದಳು. 223! ಆ ಕಡೆ ಯಾರೋ ಒತ್ತಿ, ನಂಬದೆ ಮತ್ತೆ ಒತ್ತಿ, ಮತ್ತೆ ಒತ್ತಿ ನೋಡುತ್ತಿದ್ದಾರೆ!

"ನಾನೇ ಸುಭಾಷ, ನಾನೇ!" ಎಂದು ಪರದೆಗೆ ಹೇಳಿದಳು, ಅದಕ್ಕೆ ಕಿವಿ ಇದೆಯೋ ಎಂಬಂತೆ.

ಆಮೇಲೆ ಒತ್ತಿದಾಗ 224. ಅವಳದು ಮಾತ್ರ. 225. ಅದೂ ಅವಳದು ಮಾತ್ರ. ಹನ್ನೆರಡಾಯಿತು, ಒಂದಾಯಿತು. ಆ ಕಡೆಯಿಂದ ಏನೂ ಇಲ್ಲ. ನೋಡಿದ. ನೋಡಿ, ತಡವಾಯಿತು ಎಂದು ಎದ್ದು ಹೋದ. ಇನ್ನೇನು ಮಾಡಿಯಾನು? ಅವಳು ಮೇಜಿಗೆ ಹಣೆ ಹಚ್ಚಿ, ದನಿ ಹೊರಡದ ಹಾಗೆ ಅತ್ತಳು.

ಎರಡು ದಾಟಿತ್ತು. ಮೆಟ್ಟಿಲ ಮೇಲೆ ಯಾರೋ ಓಡಿ ಬಂದ ಸದ್ದಾಯಿತು.

"ಏಳಿ," ಎಂದಿತು ಏದುಸಿರಿನ ಒಂದು ದನಿ. "ಅದು... ಅದು ನನ್ನ ಕುರ್ಚಿ."

ಅವನೇ. ಅಂಕಿ ಏರುವುದನ್ನು ಕಂಡು ಯಲ್ಲಾಪುರದಿಂದ ಸಿಕ್ಕ ಬಸ್ಸು ಹಿಡಿದು ಬಂದಿದ್ದ. ಸೊರಗಿದ್ದ. ಕಿವಿಯ ಹತ್ತಿರ ಆಗಲೇ ಬಿಳಿ ಕೂದಲು. ಅನುಶ್ರೀ ಕೂತಲ್ಲೇ ಪರದೆಯನ್ನು ಅವನ ಕಡೆಗೆ ತಿರುಗಿಸಿದಳು.

"ಹಾಕಿದ್ದೆ ಸುಭಾಷ! ಅವತ್ತೇ ಹಾಕಿದ್ದೆ. ಚಿತ್ರ ಇದರೊಳಗೇ ಉಳ್ಕೊಂಡಿತ್ತು. ನಂಗೆ ಗೊತ್ತಾಗ್ಲಿಲ್ಲ, ನಿನ್ನೆ ಗೊತ್ತಾಯ್ತು..."

ಅವನು ಮೂರನೇ ನಂಬರಿನ ಪರದೆಯನ್ನು ನೋಡಿದ. ನಡುವಿನ ಇಬ್ಬರ ಮೇಲೆ ಬೆರಳಿಟ್ಟ.

"ನಾಲ್ಕು ವರ್ಷ," ಎಂದ ಮೆಲ್ಲಗೆ. "ಇಲ್ಲೇ ಇತ್ತಾ ಇದು?"

"ಇಲ್ಲೇ ಇತ್ತು. ನೀ ಎಂತಕ್ಕೆ ಪ್ರತಿ ವಾರ ನೋಡ್ತಿದ್ದೆ? ಖಾಲಿ ಚೌಕವನ್ನ?"

"ಖಾಲಿ ಅಂತ ಖಾತ್ರಿ ಮಾಡ್ಕೊಳ್ಳೋಕೆ. ಮನಸ್ಸಿಗೆ ಬುದ್ಧಿ ಬರ್ಲಿ ಅಂತ. ಬರ್ಲೇ ಇಲ್ಲ."

"ಮದುವೆ...?"

"ಆಗ್ಲಿಲ್ಲ."

"ನಾಳೆ ಎಕ್ಕಂಬಿಯವರು ಮಾತು ಮುಗ್ಸೋಕೆ ಬರ್ತಾರೆ."

"ಹಂಗಾದ್ರೆ ಇವತ್ತೇ ಬರ್ತೀನಿ. ಗದ್ದೆ ಈಗಲೂ ಇಲ್ಲ, ಅನು."

"ಅಪ್ಪ ಒಪ್ಪೂದಿಲ್ಲ. ಖಂಡಿತ ಒಪ್ಪೂದಿಲ್ಲ."

"ಇಲ್ಲ ಅಂದ್ರೆ ಇಲ್ಲ ಅನ್ಲಿ. ಈ ಸಲ ಎದುರು ನಿಂತು ಕೇಳ್ತೀನಿ. ಕಂಪ್ಯೂಟರಲ್ಲಿ ಕೇಳಿ ಸಾಕಾಯ್ತು." ಅವನು ಕೈ ಚಾಚಿದ. "ನೀ ನನ್ನ ಪಕ್ಕ ನಿಲ್ತೀಯಾ, ಅಷ್ಟು ಹೇಳು."

ನಾಲ್ಕು ವರ್ಷದ ಹಿಂದೆ ಬಸ್‌ಸ್ಟ್ಯಾಂಡಿನಲ್ಲಿ ಬಾರದಿದ್ದ ಆ ಒಂದು ಸಣ್ಣ ಮಾತು ಈಗ ಬಂತು.

"ಹೂಂ."

ಅವನ ಕೈ ಹಿಡಿದು ಎದ್ದಳು. ಬಾಗಿಲ ತನಕ ಹೋಗಿ ಥಟ್ಟನೆ ನಿಂತಳು.

"ಅಜ್ಜಿ ಹೋದ್ಲು, ಸುಭಾಷ. ತನ್ನ ಹಸೆ ತಾನೇ ಬರೀಬಾರ್ದು ಅಂತಿದ್ಲು. ನಾನು ಬರ್ದೆ, ಅದಕ್ಕೇ ಹಿಂಗಾಯ್ತು. ಇನ್ನು ನಂಗ್ಯಾರು ಬರೀತಾರೆ?"

"ನೀ ಚಿತ್ತಾರ ಬರಿ. ನಡುವಿನ ಇಬ್ಬರನ್ನ ನಾನು ತುಂಬ್ತೀನಿ."

"ನಿಂಗೆಲ್ಲಿ ಬರ್ತದೆ!"

"ಕಲಿಸಿಕೊಡು. ವೆಬ್‌ಸೈಟು ಮಾತ್ರ ನಮಗೆ ಬರ್ತಿತ್ತಾ?"

ಅವಳು ಅಳುತ್ತಲೇ ನಕ್ಕಳು.

"ಅದೂ ಬರ್ಲಿಲ್ವಲ್ಲೋ, ಮಾರಾಯಾ!"