ಕ್ಯಾಂಡಿಯಲ್ಲಿ ಎರಡು ಚಹಾ

ಶ್ರೀಲಂಕಾದ ಕ್ಯಾಂಡಿಯಲ್ಲಿ ಬುದ್ಧನ ದಂತ ದೇವಾಲಯ ನೋಡಿ ಬಂದು, ಚಹಾದಂಗಡಿಯಲ್ಲಿ ಕೂತು ಸೆರಗಿನಿಂದ ಕನ್ನಡಕ ಒರೆಸುತ್ತಿದ್ದೆ. ಪರದೇಶದಲ್ಲಿ ಅದು ನನ್ನ ಮೊದಲ ದಿನ. ಒಬ್ಬಳೇ ಇದ್ದರೂ ಅಂಗಡಿಯವನು ಎರಡು ಚಹಾ ತಂದಿಟ್ಟ. ಬೆಳಿಗ್ಗೆ ಬಸ್ಸಿನವನೂ ಎರಡು ಟಿಕೆಟ್ ಹರಿದಿದ್ದ.

ಧುಪದಾಳದ ಹೊಳೆಗೆ ಈಜಲು ಹೋದ ನಮ್ಮ ಮನೆಯವರು ತಿರುಗಿ ಬಂದಿರಲಿಲ್ಲ, ಹೆಣವೂ ಸಿಕ್ಕಿರಲಿಲ್ಲ.

‘ವೈನಿ, ಇನ್ನೂ ಎಷ್ಟ ವರ್ಷ ಹಾದಿ ಕಾಯ್ತೀರಿ? ಅಣ್ಣನ ಪುಣ್ಯತಿಥಿ ಮಾಡಾಕ ಒಪ್ಪಿಗಿ ಬರದ ಕಳಸ್ರಿ,’ ಎಂದು ಮೈದುನ ಸಿದ್ರಾಮ ಕೇಳುತ್ತಲೇ ಇದ್ದ.

‘ಅವ್ರು ಬಂದು ಬೈದ್ರ ನೀ ಉತ್ತರಾ ಕೊಡ್ತೀಯೇನೋ?’ ಎನ್ನುತ್ತಿದ್ದೆ. ಒಪ್ಪಿಗೆ ಬರೆದ ಕಾಗದ ಮಾತ್ರ ಅಂಚೆಗೆ ಹಾಕದೆ ಚೀಲದಲ್ಲೇ ಉಳಿದಿತ್ತು.

ಕನ್ನಡಕ ಹಾಕಿಕೊಂಡೆ. ಎದುರಿನ ಚಹಾವನ್ನು ಯಾರೋ ಬಶಿಗೆ ಸುರಿದು ಅರ್ಧ ಕುಡಿದಿದ್ದರು, ನಮ್ಮ ಮನೆಯವರು ಕುಡಿಯುತ್ತಿದ್ದಂತೆಯೇ. ಖಾಲಿ ಕುರ್ಚಿ ಮುಟ್ಟಿದೆ. ಒದ್ದೆಯಾಗಿ ತಣ್ಣಗಿತ್ತು, ಹೊಳೆಯ ವಾಸನೆ ಬರುತ್ತಿತ್ತು.

‘ದಣದೀರಿ, ಸಾವಕಾಶ ಕುಡೀರಿ,’ ಎಂದೆ.

ನಾನು ಏಳುವಾಗ ಆ ಬಶಿಯೂ ಖಾಲಿಯಾಗಿತ್ತು. ಅಂಚೆ ಕಚೇರಿ ಹುಡುಕಿಕೊಂಡು ಹೋಗಿ ಸಿದ್ರಾಮನಿಗೆ ಆ ಕಾಗದ ಹಾಕಿದೆ.