ತೊಳೆಯಬಾರದ ಟವೆಲ್

"ಮರಿ ನೋಡೋದು ಆಮೇಲೆ! ಮೊದ್ಲು ಚಪ್ಪಲಿ ಬಿಡಿ. ಆ ಬಕೆಟ್‌ನ ಔಷಧಿ ನೀರಲ್ಲಿ ಕಾಲು ಅದ್ದಿ. ಕೈಗೆ ಸೋಪು ಹಾಕ್ಕೊಳ್ಳಿ."

ಎರಡು ಬಸ್ಸು ಬದಲಿಸಿ, ಬಿಸಿಲಲ್ಲಿ ಅರ್ಧ ಗಂಟೆ ಮನೆ ಹುಡುಕಿ ಬಂದವಳಿಗೆ ಸಿಕ್ಕ ಸ್ವಾಗತ ಇದು.

ಅವಳು ಬಾಗಿಲಲ್ಲೇ ನಿಂತು ಅವನನ್ನು ದುರುಗುಟ್ಟಿ ನೋಡಿದಳು. ಲಾಂಡ್ರಿಯಲ್ಲಿ ಕೆಲಸ ಮಾಡುವವಳ ಕಣ್ಣು ಮೊದಲು ಹೋಗುವುದು ಮುಖಕ್ಕಲ್ಲ, ಬಟ್ಟೆಗೆ. ಬಲ ತೋಳಿನ ಅಂಚಿಗೆ ಗ್ರೀಸು. ಎಡ ಭುಜದ ಮೇಲೆ ಒಣಗಿದ ಹಾಲಿನ ಕಲೆ, ಮರಿಯನ್ನು ಹೆಗಲಿಗೆ ಹಾಕಿಕೊಂಡವರಿಗೆ ಮಾತ್ರ ಆಗುವಂಥದ್ದು.

'ಗ್ರೀಸಿಗೆ ಔಷಧಿ ಇದೆ... ಈ ಮುಖದ ಗಂಟು ಬಿಡಿಸೋಕೆ ನನ್ನ ಹತ್ರ ಯಾವ ಪುಡಿನೂ ಇಲ್ಲ' ಎಂದುಕೊಂಡು ಬಕೆಟ್ಟಿಗೆ ಕಾಲಿಟ್ಟಳು.

ಅವನ ಕೆಲಸ ಲಿಫ್ಟ್ ರಿಪೇರಿ. ಬೀಗಲ್ ನಾಯಿಗಳನ್ನು ಸಾಕುವುದು ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ, ಮರಿ ಹಾಕಿಸುವುದು ಎರಡು ವರ್ಷಕ್ಕೊಮ್ಮೆ. ಮಾತು ಮಾತ್ರ ಲಿಫ್ಟಿನೊಳಗೆ ಅಂಟಿಸಿರುವ ಸೂಚನೆಗಳ ಹಾಗೆ: ಚಿಕ್ಕದು, ಕಡ್ಡಾಯ, ನಗು ಇಲ್ಲದ್ದು.

ಕುರ್ಚಿಯಲ್ಲಿ ಕೂರಿಸಿ ಒಂದು ಹಾಳೆ ಕೊಟ್ಟ. ಇಪ್ಪತ್ತೆಂಟು ಪ್ರಶ್ನೆಗಳು! ಮನೆಯಲ್ಲಿ ಎಷ್ಟು ಜನ? ಹಗಲು ಮರಿಯ ಜೊತೆ ಯಾರಿರುತ್ತಾರೆ? ಮೆಟ್ಟಿಲಿದೆಯೇ? ನೀವು ಊರಿಗೆ ಹೋದರೆ?

"ನಾನು ಮರಿ ಕೇಳೋಕೆ ಬಂದಿದ್ದು, ಪಾಸ್‌ಪೋರ್ಟ್ ಕೇಳೋಕಲ್ಲ."

"ಪಾಸ್‌ಪೋರ್ಟ್‌ಗೆ ಜೀವ ಇರಲ್ಲ."

ಹತ್ತೊಂಬತ್ತನೆಯ ಪ್ರಶ್ನೆಗೆ ಅವಳ ಪೆನ್ನು ನಿಂತಿತು. ಮುಂಚೆ ನಾಯಿ ಸಾಕಿದ್ದಿರಾ?

"ಸಾಕಿದ್ದೆ."

"ಎಷ್ಟು ದಿನ?"

"ಒಂಬತ್ತು ದಿನ."

ಅವನ ಹುಬ್ಬು ಮೇಲೇರಿತು. ಇನ್ನೊಂದು ಮಾತು ಕೇಳಿದ್ದರೆ ಅವಳು ಹೇಳಿಬಿಡುತ್ತಿದ್ದಳು. ಅವನು ಕೇಳಲಿಲ್ಲ. ಹಾಳೆಯ ಅಂಚಿನಲ್ಲಿ ಏನೋ ಗುರುತು ಹಾಕಿಕೊಂಡ, ಅಷ್ಟೇ.

*

ಆ ಒಂಬತ್ತು ದಿನದ ಹೆಸರು ಗುಂಡ.

ಗುಂಡನನ್ನು ಕೊಂಡದ್ದು ಫೋನಿನಲ್ಲಿ ಬಂದ ಜಾಹೀರಾತು ನೋಡಿ. "ತಾಯಿ ತೋರಿಸ್ತೀರಾ?" ಎಂದಿದ್ದಕ್ಕೆ ಮಾರುವವನು, "ಫೋಟೋ ಕಳಿಸ್ತೀನಿ ಮೇಡಂ, ಅಪ್ಪಂದೂ ಕಳಿಸ್ತೀನಿ" ಎಂದಿದ್ದ. ಪೆಟ್ರೋಲ್ ಬಂಕಿನ ಹತ್ತಿರ ಸ್ಕೂಟರಿನಲ್ಲಿ ಬಂದು, ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯೊಂದನ್ನು ಅವಳ ಕೈಗಿಟ್ಟು, ಹೆಲ್ಮೆಟ್ ಕೂಡ ತೆಗೆಯದೆ ಹೋಗಿದ್ದ. ಏಳನೆಯ ದಿನ ಗುಂಡ ಊಟ ಬಿಟ್ಟ. ಒಂಬತ್ತನೆಯ ದಿನ ಸಂಜೆ, ಅವಳ ಮಡಿಲಲ್ಲೇ...

ಪಶುವೈದ್ಯೆ ಹೇಳಿದ್ದರು: "ತಾಯಿ ಹತ್ರದಿಂದ ತುಂಬಾ ಬೇಗ ಕಿತ್ಕೊಂಡಿದ್ದಾರೆ. ನಿಮ್ಮನೆಗೆ ಬರುವಾಗ್ಲೇ ಮರಿಗೆ ಪಾರ್ವೋ ರೋಗ ಹತ್ಕೊಂಡಿತ್ತು. ನಿಮ್ಮ ತಪ್ಪಿಲ್ಲಮ್ಮ."

ಅವಳು ಕೊನೆಯ ವಾಕ್ಯ ಒಂದನ್ನು ಬಿಟ್ಟು ಉಳಿದದ್ದೆಲ್ಲ ನಂಬಿದಳು.

ಆಮೇಲೆ ಒಂದೂವರೆ ವರ್ಷ ಸರಿಯಾದವರಿಗಾಗಿ ಹುಡುಕಾಟ. ಒಬ್ಬ, "ಯಾವ ಜಾತಿ ಬೇಕು ಹೇಳಿ, ನಾಳೆಗೇ ಬರುತ್ತೆ" ಎಂದ, ತರಕಾರಿಯವನ ಹಾಗೆ. ಇನ್ನೊಬ್ಬಳು ತಾಯಿನಾಯಿ ಎಲ್ಲಿ ಎಂದಾಗ "ಟೂರ್ ಹೋಗಿದೆ" ಎಂದಳು. ಟೂರ್! ಮೂರನೆಯವನ ಗೋಡೌನಿನಲ್ಲಿ ಸಾಲು ಪಂಜರಗಳು. ಅಲ್ಲಿಂದ ಹೊರಬಿದ್ದವಳು ಬಸ್ ಸ್ಟಾಪಿನಲ್ಲಿ ಕೂತು ಅತ್ತಿದ್ದಳು.

ಕೊನೆಗೆ ಆ ಪಶುವೈದ್ಯೆಯೇ ಈ ವಿಳಾಸ ಬರೆದುಕೊಟ್ಟಿದ್ದರು. "ಮನುಷ್ಯ ಸ್ವಲ್ಪ ತಲೆ ತಿಂತಾನೆ. ಸಹಿಸ್ಕೊಳ್ಳಿ."

ಸ್ವಲ್ಪವೇ?

*

"ತಾಯಿ ಇವಳು" ಎಂದು ಅವನು ಹಿಂದಿನ ಕೋಣೆಯ ಬಾಗಿಲು ತೆರೆದ. ತಿಂದುಂಡು ದುಂಡಗಾದ ನಾಯಿ ಬಾಲ ಅಲ್ಲಾಡಿಸಿತು. ಅದರ ಸುತ್ತ ಐದು ವಾರದ ನಾಲ್ಕು ಮರಿಗಳು. "ಇದು ಇವಳ ಸೊಂಟದ ಎಕ್ಸ್‌ರೇ, ಮೂಳೆ ದೋಷ ಇಲ್ಲ ಅಂತ. ಇದು ತಂದೆಯದ್ದು. ಲಸಿಕೆ ಪುಸ್ತಕ. ಎಂಟು ವಾರ ತುಂಬೋ ತನಕ ಒಂದು ಮರಿನೂ ಹೊರಗೆ ಹೋಗಲ್ಲ. ಮುಂದೆ ನಿಮಗೆ ಸಾಕೋಕಾಗ್ಲಿಲ್ಲ ಅಂದ್ರೆ ಬೇರೆ ಯಾರಿಗೂ ಕೊಡೋ ಹಾಗಿಲ್ಲ, ನನಗೇ ವಾಪಸ್. ಹತ್ತು ವರ್ಷ ಆಗಿದ್ರೂ ಸರಿ."

ಇಷ್ಟು ದಿನ ಅವಳು ಹುಡುಕುತ್ತಿದ್ದುದು ಇಂಥವನನ್ನೇ. ಸಿಕ್ಕಮೇಲೆ ಕತ್ತು ಹಿಸುಕಬೇಕು ಅನ್ನಿಸುತ್ತಿತ್ತು.

ಅಷ್ಟರಲ್ಲಿ ಒಂದು ಮರಿ ಬಂದು ಅವಳ ಚೂಡಿದಾರದ ತುದಿ ಕಚ್ಚಿ ಎಳೆಯಿತು. ಬಿಡಿಸಿಕೊಂಡರೆ ದುಪಟ್ಟಾಕ್ಕೆ ಬಾಯಿ ಹಾಕಿತು.

"ಅಯ್ಯೋ, ಕಳ್ಳಿ!" ಅವಳು ನಕ್ಕುಬಿಟ್ಟಳು. ಒಂದೂವರೆ ವರ್ಷದಲ್ಲಿ ಮೊದಲ ಸಲ ಹಾಗೆ ನಕ್ಕಿದ್ದು. ಅವನು ಅವಳನ್ನೇ ನೋಡುತ್ತಿದ್ದವನು, ಸಿಕ್ಕಿಬಿದ್ದವನ ಹಾಗೆ ಎಕ್ಸ್‌ರೇ ಕಡೆ ತಿರುಗಿದ.

ಹೊರಡುವಾಗ ನೀಲಿ ಅಂಚಿನ ಒಂದು ಬಿಳಿ ಟವೆಲ್ ಕೊಟ್ಟ. "ಒಂದು ವಾರ ಮನೇಲಿ ಇಟ್ಕೊಳ್ಳಿ. ನೀವೂ ನಿಮ್ಮ ಚಿಕ್ಕಮ್ಮನೂ ಬಳಸಿ, ದಿಂಬಿನ ಮೇಲೆ ಹಾಸ್ಕೊಳ್ಳಿ. ಮುಂದಿನ ಭಾನುವಾರ ವಾಪಸ್ ತನ್ನಿ. ಯಾಕಂದ್ರೆ ಮರಿಗೆ..."

ಫೋನು ಬಡಿದುಕೊಂಡಿತು. ಯಾವುದೋ ಕಟ್ಟಡದಲ್ಲಿ ಮೂರನೇ ಮಹಡಿಗೂ ನಾಲ್ಕಕ್ಕೂ ನಡುವೆ ಲಿಫ್ಟಿನಲ್ಲಿ ಯಾರೋ ಸಿಕ್ಕಿಕೊಂಡಿದ್ದರು. ಅರ್ಧ ವಾಕ್ಯವನ್ನು ಅಲ್ಲೇ ಬಿಟ್ಟು ಅವನು ಚೀಲ ಎತ್ತಿಕೊಂಡು ಓಡಿದ.

*

"ಮರಿ ಕೇಳೋಕೆ ಹೋದ್ಯೋ, ನೌಕರಿ ಕೇಳೋಕೆ ಹೋದ್ಯೋ?" ಚಿಕ್ಕಮ್ಮ ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿ ಕೇಳಿದರು. ಲಾಂಡ್ರಿಯೂ ಅವರದೇ, ಮೇಲಿನ ಮನೆಯೂ ಅವರದೇ, ಬಾಯಿಯೂ ಅವರದೇ.

"ಕೇಳ್ಬೇಡಿ ಚಿಕ್ಕಮ್ಮ. ತಲೆ ಕೆಟ್ಟವನು. ಟವೆಲ್ ಕೊಟ್ಟಿದ್ದಾನೆ, ಒಂದು ವಾರ ಮಲಗಿಸ್ಕೋಬೇಕಂತೆ."

"ಯಾರನ್ನ?"

"ಟವೆಲನ್ನ!"

ಆದರೂ ಹೇಳಿದ ಹಾಗೇ ಮಾಡಿದಳು. ಟವೆಲ್ ಒಂದು ವಾರ ಅವಳ ದಿಂಬಿನ ಮೇಲೂ ಚಿಕ್ಕಮ್ಮನ ಕುರ್ಚಿಯ ಮೇಲೂ ಬಿದ್ದಿತ್ತು. ಶನಿವಾರ ಸಂಜೆ ನೋಡಿದರೆ ತಲೆಗೆಣ್ಣೆ, ಟೀ ಕಲೆ, ಮುದುಡಿದ ಅಂಚು. ಕಂಡವರ ಟವೆಲನ್ನು ಹೀಗೆ ವಾಪಸ್ ಕೊಡುವುದೇ? ಹನ್ನೆರಡು ವರ್ಷ ಲಾಂಡ್ರಿಯಲ್ಲಿ ಕೆಲಸ ಮಾಡಿದ ಕೈ ತಲೆಯನ್ನು ಕೇಳುವುದಿಲ್ಲ. ಬಿಸಿನೀರಿನಲ್ಲಿ ನೆನೆಸಿದಳು, ಕಲೆ ತೆಗೆದಳು, ಅಂಚಿಗೆ ಅಂಚು ಕೂಡಿಸಿ ಇಸ್ತ್ರಿ ಹಾಕಿ, ಮೂಲೆಗೆ ನಂಬರಿನ ಚೀಟಿ ಕೂಡ ಪಿನ್ ಮಾಡಿದಳು.

ಗರಿಗರಿಯಾದ ಟವೆಲನ್ನು ಭಾನುವಾರ ಅವನ ಕೈಗಿಟ್ಟಾಗ ಒಳಗೊಳಗೇ ಹೆಮ್ಮೆ.

ಅವನು ಮೂಗಿಗೆ ಹಿಡಿದು ನೋಡಿದ. ಮುಖ ಕಪ್ಪಿಟ್ಟಿತು.

"ತೊಳೆದಿದ್ದೀರಾ?!"

"ಮತ್ತೆ? ಕೊಳಕು ಬಟ್ಟೆ ವಾಪಸ್ ಕೊಡ್ತಾರಾ?"

"ರೀ, ನಿಮ್ಮ ಮನೆ ವಾಸನೆ ಬೇಕಿತ್ತು ಅದ್ರಲ್ಲಿ! ಮರಿ ಇಲ್ಲಿರುವಾಗ್ಲೇ ಅದರ ಮೇಲೆ ಮಲಗಿ ಅಭ್ಯಾಸ ಆಗ್ಲಿ ಅಂತ. ತಾಯಿ ಬಿಟ್ಟು ಹೊಸ ಮನೆಗೆ ಬಂದ ದಿನ ಅದಕ್ಕೆ ಗೊತ್ತಿರೋದು ಆ ವಾಸನೆ ಒಂದೇ. ಈಗ ಏನಿದೆ ಇದ್ರಲ್ಲಿ? ಸೋಪಿನ ಪುಡಿ!"

"ಅದನ್ನ ಹೇಳಿದ್ರಾ ನೀವು? ಅರ್ಧ ವಾಕ್ಯ ನನ್ನ ಕೈಗಿಟ್ಟು ಓಡಿದ್ರಿ!"

"ಒಂದು ಕೆಲಸ ಹೇಳಿದ್ದೆ. ಒಂದೇ." ಅವನ ಸಿಟ್ಟು ದಾರಿ ತಪ್ಪಿ ಹಾಳೆಯ ಮೇಲಿನ ಗುರುತಿನ ಕಡೆ ಹೊರಳಿತು. "ಒಂಬತ್ತು ದಿನಕ್ಕೇ ನಾಯಿ ಸಾಕಾದವರಿಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ. ನಿಮ್ಮ ಕೈಗೆ ಮರಿ ಕೊಡೋಕೆ ನನಗೆ ಧೈರ್ಯ ಬರಲ್ಲ."

ಯಾವ ಮಾತನ್ನು ಅವಳು ದಿನವೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳೋ, ಅದನ್ನೇ ಇನ್ನೊಬ್ಬರ ಬಾಯಲ್ಲಿ ಕೇಳಿದ್ದಳು.

"ಸರಿಯಾಗೇ ಹೇಳಿದ್ರಿ" ಎಂದಳು ಮೆಲ್ಲಗೆ. "ನನ್ನ ಕೈಲಿ ಒಂದು ಜೀವ ಉಳೀಲಿಲ್ಲ..."

ತಿರುಗಿ ನಡೆದಳು. ಚಪ್ಪಲಿ ಹಾಕಿಕೊಳ್ಳುವಾಗ ಕಣ್ಣು ಮಂಜಾಗಿ ಎಡ ಬಲ ಗೊತ್ತಾಗಲಿಲ್ಲ. ಹಿಂದೆ ಕಳ್ಳಿ ಕುಂಯ್‌ಗುಡುವುದು ಕೇಳಿಸಿತು. ತಿರುಗಿ ನೋಡಲಿಲ್ಲ.

*

ಬುಧವಾರ ಮಧ್ಯಾಹ್ನ ಲಾಂಡ್ರಿಯ ಮುಂದೆ ಒಬ್ಬ ನಿಂತಿದ್ದ. ಕೈಯಲ್ಲಿ ನಂಬರಿನ ಚೀಟಿ ಇನ್ನೂ ಪಿನ್ನಿನಲ್ಲೇ ಇದ್ದ ಟವೆಲ್. ಆ ಚೀಟಿಯ ಮೇಲಿನ ಅಂಗಡಿ ಹೆಸರು ಹಿಡಿದೇ ಅವನು ಬಂದಿದ್ದ. ಜೊತೆಗೆ ಬೆಳ್ಳಗಾದ ಮೂತಿಯ ಒಂದು ಮುದಿ ನಾಯಿ.

ಚಿಕ್ಕಮ್ಮ ಕನ್ನಡಕ ಏರಿಸಿಕೊಂಡರು. "ಓ, ಇಪ್ಪತ್ತೆಂಟು ಪ್ರಶ್ನೆಯವರಾ? ಅಷ್ಟೊಂದು ಕೇಳಿದ್ರಂತೆ. 'ಏನಾಯ್ತಮ್ಮ' ಅನ್ನೋದು ಒಂದು ಸೇರಿಸ್ಕೊಂಡಿದ್ರೆ ನಿಮ್ಮ ಹಾಳೆ ಹರಿದುಹೋಗ್ತಿತ್ತೇನಪ್ಪ?"

ಬಟ್ಟೆ ರಾಶಿಯ ಹಿಂದೆ ಅವಳು ಅಡಗಿ ಕೂತಿದ್ದಳು. ಚಿಕ್ಕಮ್ಮ ಗುಂಡನ ಕಥೆ ಪೂರ್ತಿ ಹೇಳಿದರು: ರಟ್ಟಿನ ಪೆಟ್ಟಿಗೆ, ಸ್ವಿಚ್ ಆಫ್ ಆದ ಮಾರಿದವನ ನಂಬರು, ಎರಡು ದಿನ ಕಣ್ಣು ಮುಚ್ಚದೆ ಮರಿಯ ಬಾಯಿಗೆ ಹನಿಹನಿ ನೀರು ಬಿಟ್ಟ ಹುಡುಗಿ. ಅವನು ಕೌಂಟರಿನ ಅಂಚು ಹಿಡಿದುಕೊಂಡ.

"ಅವರನ್ನ ಕರೀತೀರಾ?"

"ಅವಳಿಗೆ ಕಿವಿ ಇದೆ. ಹೇಳಿ."

ಅವನು ಬಟ್ಟೆ ರಾಶಿಗೇ ಹೇಳಿದ. "ಈ ಮುದಿ ನಾಯಿ, ನಮ್ಮ ಅಜ್ಜಿ, ನಮ್ಮನೇಲೇ ಹುಟ್ಟಿದ್ದು. ಮೊದಲ ಸಲ ಮರಿ ಹಾಕಿಸ್ದಾಗ ಒಬ್ಬ ಒಳ್ಳೆ ಶರ್ಟ್ ಹಾಕ್ಕೊಂಡು ಬಂದ. ಒಂದು ಪ್ರಶ್ನೆನೂ ಕೇಳ್ದೆ ಇವಳನ್ನ ಕೊಟ್ಟೆ. ನಾಲ್ಕು ವರ್ಷ ಆದ್ಮೇಲೆ ಒಂದು ಗೋಡೌನಿನ ಲಿಫ್ಟ್ ರಿಪೇರಿಗೆ ಹೋದೆ... ಅಲ್ಲಿ ಪಂಜರದಲ್ಲಿದ್ಲು. ವರ್ಷಕ್ಕೆ ಎರಡು ಸಲ ಮರಿ ಹಾಕಿಸಿ ಹಾಕಿಸಿ ಹೊಟ್ಟೆ ನೆಲ ಮುಟ್ತಿತ್ತು. ಮರಿಗಳೆಲ್ಲ ರಟ್ಟಿನ ಪೆಟ್ಟಿಗೇಲಿ ಹೋಗ್ತಿದ್ವು." ಅವನು ಬಗ್ಗಿ ನಾಯಿಯ ಬೆನ್ನು ಸವರಿದ. "ಆವತ್ತೇ ಇವಳನ್ನ ಬಿಡಿಸ್ಕೊಂಡು ಬಂದೆ, ಹಾಳೆನೂ ಮಾಡ್ಕೊಂಡೆ. ನಿಮ್ಮನ್ನ ನೋಡೋ ಬದ್ಲು ಹಾಳೆ ನೋಡ್ದೆ. ತಪ್ಪಾಯ್ತು."

ಅಜ್ಜಿ ನಿಧಾನವಾಗಿ ಕೌಂಟರಿನ ಸಂದಿಯಿಂದ ಒಳಬಂದು, ಬಟ್ಟೆ ರಾಶಿಯ ಹಿಂದೆ ಹೋಗಿ, ಅವಳ ಪಾದದ ಮೇಲೆ ಗಲ್ಲ ಊರಿ ಮಲಗಿತು.

ಅವಳು ಅತ್ತಳು. ಸದ್ದಿಲ್ಲದೆ, ಸಾಕಾಗುವಷ್ಟು.

ಆಮೇಲೆ ಎದ್ದು ಬಂದು ಕೈ ಚಾಚಿದಳು. "ಟವೆಲ್ ಕೊಡಿ."

"ತೊಳೀಬೇಡಿ."

"ಗೊತ್ತು ರೀ!"

*

ಎಂಟು ವಾರ ತುಂಬಿದ ಮೇಲೆ ಕಳ್ಳಿ ಬಂದಳು, ಎಣ್ಣೆಯ ವಾಸನೆಯ ಟವೆಲ್ ಸಮೇತ. ಮೊದಲ ದಿನ ಒಂದು ಸಲವೂ ಅಳಲಿಲ್ಲ. ಟವೆಲ್ ಮೇಲೆ ಮೂರು ಸುತ್ತು ಸುತ್ತಿ, ಗೊತ್ತಿರುವ ಮನೆ ಎನ್ನುವ ಹಾಗೆ ಮಲಗಿಬಿಟ್ಟಳು. ಎರಡನೆಯ ದಿನಕ್ಕೆ ಗಿರಾಕಿಯ ಕಾಲುಚೀಲ ಕದ್ದಳು.

ಅವಳು ಮಾತ್ರ ದಿನ ಎಣಿಸುತ್ತಿದ್ದಳು. ಆರು... ಏಳು... ತಟ್ಟೆಯಲ್ಲಿ ಒಂದು ಕಾಳು ಉಳಿದರೂ ಎದೆ ಧಸಕ್ಕೆನ್ನುತ್ತಿತ್ತು. ಯಾರಿಗೂ ಹೇಳಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಅವನು ಬಂದು ಲಾಂಡ್ರಿಯ ಬೆಂಚಿನ ಮೇಲೆ ಕೂತ.

"ಕೆಲಸ ಇಲ್ವಾ?"

"ರಜೆ ಹಾಕಿದ್ದೀನಿ."

"ಯಾಕೆ?"

"ಸುಮ್ಮನೆ."

ಸಂಜೆಯವರೆಗೂ ಸುಮ್ಮನೆ ಕೂತಿದ್ದ. ಕಳ್ಳಿ ಅವನ ಶೂ ಲೇಸು ಬಿಚ್ಚಿದಳು, ತೊಡೆಯ ಮೇಲೆ ನಿದ್ದೆ ಹೋದಳು, ಎದ್ದಳು, ತಿಂದಳು. ಅಂಗಡಿ ಮುಚ್ಚುವ ಹೊತ್ತಿಗೆ ಅವನು, "ಬರ್ತೀನಿ" ಎಂದು ಎದ್ದು ಹೋದ.

'ಅವನೂ ಎಣಿಸುತ್ತಿದ್ದನಾ?' ಶಟರ್ ಎಳೆಯುವಾಗ ಅವಳಿಗೆ ಹೊಳೆಯಿತು.

ಹತ್ತನೆಯ ದಿನ ಶಟರ್ ಎತ್ತಿದರೆ ಎದುರಿಗೆ ಮತ್ತೆ ಅವನೇ! ಕೈಯಲ್ಲಿ ಒಂದು ಚೀಲ.

"ಹೇಗಿದ್ದಾಳೆ?"

"ಚಿಕ್ಕಮ್ಮನ ಚಪ್ಪಲಿ ತಿಂತಿದ್ದಾಳೆ." ಅವಳು ಹತ್ತೂ ಬೆರಳು ಬಿಡಿಸಿ ತೋರಿಸಿದಳು. "ಹತ್ತನೇ ದಿನ."

"ಗೊತ್ತು."

ಚೀಲ ಮುಂದೆ ಚಾಚಿದ. ಒಳಗೆ ಹಸಿರು ಟವೆಲ್, ಮುದುಡಿದ್ದು.

"ಒಗೆಯೋಕಾ?"

"ಅಯ್ಯೋ, ಅಲ್ಲ!" ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಅವನು ದನಿ ತಗ್ಗಿಸಿದ. "ನಂದು. ಒಂದು ವಾರ ನನ್ನ ದಿಂಬಿನ ಮೇಲಿತ್ತು. ನಿಮ್ಮ ಮನೇಲಿ ಇರ್ಲಿ. ವಾಸನೆ ಅಭ್ಯಾಸ ಆಗ್ಲಿ ಅಂತ..."

"ಕಳ್ಳಿಗಾ?"

"ಕಳ್ಳಿಗೆ ಹುಟ್ಟಿದಾಗ್ಲಿಂದ ನನ್ನ ವಾಸನೆ ಗೊತ್ತು."

ಅವಳು ಟವೆಲನ್ನು ಮುಖಕ್ಕೆ ಒತ್ತಿಕೊಂಡಳು. ಗ್ರೀಸು, ಹಾಲಿನ ಪುಡಿ, ಮುದಿ ನಾಯಿ... ಅದರಡಿಯಲ್ಲಿ ಇನ್ನೇನೋ ಬೆಚ್ಚಗಿನದು.

ಒಳಗಿನಿಂದ ಚಿಕ್ಕಮ್ಮ ಬೇಕೆಂದೇ ಜೋರಾಗಿ ಕೆಮ್ಮಿದರು.

"ಕರಾರು ಇದ್ಯಾ?" ಎಂದಳು ಟವೆಲಿನ ಹಿಂದಿನಿಂದಲೇ. "ಸಾಕಾದ್ರೆ ವಾಪಸ್ ಕೊಡ್ಬೇಕಾ?"

"ಇದನ್ನ ವಾಪಸ್ ತಗೊಳ್ಳಲ್ಲ."

"ಎಷ್ಟು ದಿನ ಇಟ್ಕೋಬೇಕು?"

ಅವನು ಬಾಯಿ ತೆರೆದ. ಫೋನು ಬಡಿದುಕೊಂಡಿತು. "ಹಾಂ, ಯಾವ ಮಹಡಿ? ಹೆದರ್ಕೋಬೇಡಿ, ಫ್ಯಾನ್ ಹಾಕ್ಕೊಳ್ಳಿ, ಬಂದೆ" ಎಂದು ಚೀಲ ಹೆಗಲಿಗೇರಿಸಿ ಓಡಿದ. ನಾಲ್ಕು ಹೆಜ್ಜೆ ಹೋದವನು ನಿಂತ. ವಾಪಸ್ ಬಂದ. ಈ ಸಲ ವಾಕ್ಯ ಅರ್ಧಕ್ಕೆ ಬಿಡಲಿಲ್ಲ.

"ನಾನೂ ನೀವೂ ಇರೋ ತನಕ."

ಅವಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ಟವೆಲಿನ ಅಂಚಿನ ಕಪ್ಪು ಕಲೆಯನ್ನು ಹೆಬ್ಬೆರಳಿನಿಂದ ಸವರಿದಳು.

"ಈ ಗ್ರೀಸಿನ ಕಲೆ..."

"ಹೋಗುತ್ತಾ?"

"ಹೋಗುತ್ತೆ. ಆದ್ರೆ ನಾನು ತೆಗಿಯಲ್ಲ."